ಎರಡು ಪದವಿಗಳ ನಡುವೆ: ಸಂಶೋಧನ ನಿಯತಕಾಲಿಕೆಗಳ ಲಭ್ಯತೆ

ಎಂ.ಎ. ಮುಗಿಸಿ ಪಿಎಚ್.ಡಿ. ನೋಂದಣಿಗೆ ಕಾಯುವ ಅವಧಿಯಲ್ಲಿಯೇ ಸಂಶೋಧನ ಪ್ರಸ್ತಾವವು ಸಿದ್ಧವಾಗಬೇಕು. ಪೂರ್ವಾಧ್ಯಯನಗಳ ಸಮೀಕ್ಷೆಯಿಲ್ಲದೆ ಪ್ರಸ್ತಾವವಿಲ್ಲ. ಗ್ರಂಥಾಲಯದ ಸದಸ್ಯತ್ವ ಕೊನೆಗೊಳ್ಳುವುದೂ ಆಗಲೇ. ಈ ವಿಪರ್ಯಾಸವನ್ನು ಅಭ್ಯರ್ಥಿಯ ಖಾಸಗಿ ತೊಂದರೆಯೆಂದು ಬಗೆಯುವುದೇ ರೂಢಿಯಾಗಿದೆ.

ಕೇಂದ್ರ ಸಚಿವ ಸಂಪುಟವು 2024ರ ನವೆಂಬರಿನಲ್ಲಿ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯು 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒದಗಿಸುವಂಥದು. 2025ರಿಂದ 2027ರವರೆಗೆ ಇದಕ್ಕೆ ಮೀಸಲಿಟ್ಟ ಮೊತ್ತ 6,000 ಕೋಟಿ ರೂಪಾಯಿ. ಆದರೆ ಪ್ರವೇಶ ದೊರೆಯುವುದು ಸಂಸ್ಥೆಯ ಮೂಲಕ. ಪದವಿಗಳ ನಡುವೆ ಇರುವವರು ಯಾವ ಸಂಸ್ಥೆಯ ಪಟ್ಟಿಯಲ್ಲೂ ಇಲ್ಲ.

ಕನ್ನಡದ ಸಂಶೋಧಕರಿಗೆ ಬೇರೊಂದು ತೊಡಕೂ ಉಂಟು. ಅವರಿಗೆ ಬಹುಮಟ್ಟಿಗೆ ಬೇಕಾದುವು ‘ಪ್ರಬುದ್ಧ ಕರ್ನಾಟಕ’, ‘ಪರಿಷತ್ಪತ್ರಿಕೆ’ಗಳಂಥವುಗಳ ಹಳೆಯ ಸಂಪುಟಗಳು. ‘ಶೋಧಗಂಗಾ’ದ ಮಹಾಪ್ರಬಂಧಗಳು ಎಲ್ಲರಿಗೂ ಮುಕ್ತವಾಗಿದ್ದು, ಅವುಗಳ ಅಡಿಟಿಪ್ಪಣಿಗಳು ಲೇಖನದ ಹೆಸರು, ಸಂಪುಟ, ಸಂಚಿಕೆಗಳನ್ನು ತಿಳಿಸುತ್ತವೆ, ಲೇಖನವನ್ನಲ್ಲ. ಕೆಲವು ಸಂಪುಟಗಳು ಅಂತರಜಾಲದಲ್ಲಿ ದೊರೆತರೂ ಉಳಿದವುಗಳಿಗಾಗಿ ಗ್ರಂಥಾಲಯಕ್ಕೇ ಹೋಗಬೇಕು. ವಿಭಾಗದ ಶಿಫಾರಸಿನ ಮೇಲೆ, ಎರಡು ವರ್ಷಗಳ ಮಟ್ಟಿಗಾದರೂ, ಹಳೆಯ ವಿದ್ಯಾರ್ಥಿಗಳಿಗೆ ಪರಾಮರ್ಶನ ವಿಭಾಗದಲ್ಲಿ ಕುಳಿತು ಓದುವ ಅನುಮತಿ ಚೀಟಿಯನ್ನು ನೀಡಬಹುದು. ಇದಕ್ಕೆ ಹೊಸ ಚಂದಾ ಬೇಕಿಲ್ಲ, ಕೋಟಿಗಳೂ ಬೇಕಿಲ್ಲ.