ಭಾಷಾದತ್ತಾಂಶದ ಎಣಿಕೆ ಮತ್ತು ಚಿತ್ರಣ: ಕನ್ನಡ ಸಂಶೋಧನೆಯಲ್ಲಿ ‘ಆರ್’ ಕ್ರಮವಿಧಿಯ ಕಲಿಕೆ

ಕನ್ನಡ ಭಾಷಾಧ್ಯಯನಕ್ಕೆ ದತ್ತಾಂಶಸಂಗ್ರಹವು ಹೊಸದಲ್ಲ. ಎ.ಎನ್. ನರಸಿಂಹಯ್ಯ ಅವರು ಪ್ರಾಚೀನತಮ ಕನ್ನಡ ಶಾಸನಗಳ ವ್ಯಾಕರಣವನ್ನು 1941ರಲ್ಲಿಯೂ ಜಿ.ಎಸ್. ಗಾಯಿ ಅವರು 8, 9 ಮತ್ತು 10ನೆಯ ಶತಮಾನಗಳ ಶಾಸನಗಳನ್ನಾಧರಿಸಿದ ಚಾರಿತ್ರಿಕ ವ್ಯಾಕರಣವನ್ನು 1946ರಲ್ಲಿಯೂ ಪ್ರಕಟಿಸಿದರು. ಶಾಸನಪ್ರಯೋಗಗಳನ್ನು ಕಲೆಹಾಕಿ ವರ್ಗೀಕರಿಸಿದ ಆ ಕಾರ್ಯವನ್ನು ಇಂದು ಗಣಕದ ನೆರವಿನಿಂದ ವಿಸ್ತರಿಸಲು ಸಾಧ್ಯವಿದೆ. ಆದರೆ ಎಣಿಕೆಯನ್ನು ತಂತ್ರಜ್ಞರಿಗೆ ಒಪ್ಪಿಸಿ ಫಲಿತಾಂಶವನ್ನಷ್ಟೇ ಪಡೆಯುವ ಕ್ರಮವು ಎಷ್ಟು ಸಾಧು? ಏನನ್ನು ಎಣಿಸಬೇಕೆಂಬುದು ಭಾಷಾಶಾಸ್ತ್ರದ ಪ್ರಶ್ನೆಯಾದುದರಿಂದ ಕ್ರಮವಿಧಿಯ ರಚನೆಯನ್ನು ಕನ್ನಡ ಸಂಶೋಧಕರೇ ಕಲಿಯಬೇಕಾದ ಅಗತ್ಯವನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

1. ಸಾಧನದ ಸ್ವರೂಪ

ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆಗೆ ಮೀಸಲಾದ ‘ಆರ್’ ಎಂಬ ಗಣಕಭಾಷೆಯನ್ನು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ 1990ರ ದಶಕದ ಆರಂಭದಲ್ಲಿ ರೂಪಿಸಿದರು. ಅಮೆರಿಕದ ಬೆಲ್ ಪ್ರಯೋಗಾಲಯದ ‘ಎಸ್’ ಭಾಷೆ ಇದಕ್ಕೆ ಮಾದರಿ. ಇದರ 1.0 ಆವೃತ್ತಿ 2000ದಲ್ಲಿ ಹೊರಬಂದಿತು. ಇದು ಉಚಿತವಾಗಿ ದೊರೆಯುತ್ತದೆ. ಭಾಷಾವಿಜ್ಞಾನಿಗಳಿಗಾಗಿ ಹೆರಾಲ್ಡ್ ಬಾಯೆನ್ 2008ರಲ್ಲಿ ಪ್ರಕಟಿಸಿದ ಪಠ್ಯವು ಈ ಕಲಿಕೆಗೆ ವ್ಯವಸ್ಥಿತ ಮಾರ್ಗವನ್ನು ಒದಗಿಸಿತು. ವಿಂಡೋಸ್ ಗಣಕಗಳಲ್ಲಿ ಭಾರತೀಯ ಲಿಪಿಗಳಿಗಿದ್ದ ತೊಡಕು 2022ರ 4.2 ಆವೃತ್ತಿಯಿಂದ ಬಹುಮಟ್ಟಿಗೆ ನಿವಾರಣೆಯಾಗಿದೆ.

2. ಎಣಿಕೆಯ ಘಟಕ

‘ಕನ್ನಡ’ ಎಂಬ ಪದದ ಉದ್ದವೆಷ್ಟು? ಯುಟಿಎಫ್-8 ಕ್ರಮದಲ್ಲಿ ಅದು 15 ಬೈಟ್. ಯುನಿಕೋಡ್ ಸಂಕೇತಗಳ ಲೆಕ್ಕದಲ್ಲಿ 5: ಕ, ನ, ವಿರಾಮಚಿಹ್ನೆ, ನ, ಡ. ಧ್ವನಿಮಾಗಳ ಲೆಕ್ಕದಲ್ಲಿ 7, ಲಿಪಿಯ ಅಕ್ಷರಗಳ ಲೆಕ್ಕದಲ್ಲಿ 3. ಒತ್ತಕ್ಷರದ ಹಿಂದಿನ ‘ಕ’ ಗುರುವಾಗುವುದರಿಂದ ಛಂದಸ್ಸಿನ ಲೆಕ್ಕದಲ್ಲಿ 4 ಮಾತ್ರೆ. ಪದದ ಉದ್ದವನ್ನು ಕೇಳಿದಾಗ ‘ಆರ್’ ಸಾಮಾನ್ಯವಾಗಿ 5 ಎಂದು ಉತ್ತರಿಸುತ್ತದೆ. ಇದು ಲಿಪಿಸಂಕೇತದ ಸಂಖ್ಯೆಯೇ ಹೊರತು ಭಾಷೆಯ ಯಾವ ಘಟಕದ ಸಂಖ್ಯೆಯೂ ಅಲ್ಲ. ಇದನ್ನೇ ಆಧರಿಸಿ ಕನ್ನಡ ಪದಗಳನ್ನು ಇಂಗ್ಲಿಷ್ ಪದಗಳೊಡನೆ ಹೋಲಿಸಿದರೆ ತೀರ್ಮಾನ ಅಸಾಧುವಾಗುತ್ತದೆ.

ಪದಗಣನೆಯಲ್ಲಿಯೂ ಇದೇ ಸಮಸ್ಯೆಯಿದೆ. ‘ಮನೆಯಲ್ಲಿ ಇದೆ’ ಎಂಬುದು ಗಣಕಕ್ಕೆ ಎರಡು ಪದ, ‘ಮನೆಯಲ್ಲಿದೆ’ ಎಂಬುದು ಒಂದು. ಸಂಧಿ ಮಾಡಿ ಬರೆಯುವ ಲೇಖಕರ ಪದಸಂಪತ್ತು ಬಿಡಿಸಿ ಬರೆಯುವವರದಕ್ಕಿಂತ ಹೆಚ್ಚೆಂದು ತೋರುತ್ತದೆ. ಇದಲ್ಲದೆ ಪಠ್ಯ ದೀರ್ಘವಾದಂತೆ ಹೊಸ ಪದಗಳ ಪ್ರಮಾಣ ತಾನಾಗಿಯೇ ಇಳಿಯುವುದರಿಂದ ಮಹಾಕಾವ್ಯವೊಂದನ್ನು ಕೆಲವೇ ವಚನಗಳೊಡನೆ ನೇರವಾಗಿ ಹೋಲಿಸಲಾಗದು. ಸಮಾನ ಗಾತ್ರದ ಭಾಗಗಳನ್ನು ಆಯ್ದುಕೊಳ್ಳುವುದು ಅವಶ್ಯ.

3. ಪಕಾರ–ಹಕಾರ: ಒಂದು ನಿದರ್ಶನ

ಪಾಲ್–ಹಾಲು, ಪೂ–ಹೂ, ಪೋಗು–ಹೋಗು ಎಂಬ ಪರಿವರ್ತನೆಯ ಕಾಲ ಮತ್ತು ಗತಿಯನ್ನು ಶಾಸನಗಳಿಂದ ನಿರ್ಣಯಿಸುವುದನ್ನು ಪರಿಶೀಲಿಸಬಹುದು. ಪಕಾರಾದಿ ಮತ್ತು ಹಕಾರಾದಿ ಪದಗಳೆಲ್ಲವನ್ನೂ ಹುಡುಕಿ ಎಣಿಸುವ ಕ್ರಮವಿಧಿ ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ. ಆದರೆ ಅದರ ಫಲಿತಾಂಶ ದಾರಿತಪ್ಪಿಸುತ್ತದೆ. ಪುಣ್ಯ, ಪರಮೇಶ್ವರ, ಪೃಥ್ವೀವಲ್ಲಭ ಮೊದಲಾದ ಸಂಸ್ಕೃತ ಪದಗಳಿಗೆ ಈ ಪರಿವರ್ತನೆ ಅನ್ವಯಿಸುವುದಿಲ್ಲ. ಬಿರುದಾವಳಿಗಳಿಂದ ತುಂಬಿದ ಶಾಸನದಲ್ಲಿ ಇವು ಸೇರಿಕೊಂಡರೆ ಹಕಾರದ ಪ್ರಮಾಣ ಕೃತಕವಾಗಿ ಕುಗ್ಗುತ್ತದೆ; ಹರ, ಹರಿ ಮುಂತಾದವು ಸೇರಿದರೆ ಹಿಗ್ಗುತ್ತದೆ. ಪರಿವರ್ತನೆಗೆ ಅವಕಾಶವಿರುವ ದೇಶ್ಯಪದಗಳ ಪಟ್ಟಿಯನ್ನು ಮೊದಲು ಸಿದ್ಧಪಡಿಸಬೇಕು. ಈ ಪಟ್ಟಿ ಹಳಗನ್ನಡ ಬಲ್ಲವರ ಕೆಲಸ.

ಅನಂತರ ಪ್ರತಿ ಪ್ರಯೋಗಕ್ಕೂ ಒಂದು ಸಾಲಿನಂತೆ ಕೋಷ್ಟಕ ರಚಿಸಬೇಕು: ಶಾಸನ, ಕಾಲ, ಸ್ಥಳ, ಪದ, ಗದ್ಯವೋ ಪದ್ಯವೋ, ಪಕಾರವೋ ಹಕಾರವೋ. ಪದ್ಯಭಾಗವು ಹಳೆಯ ರೂಪವನ್ನು ಉಳಿಸಿಕೊಂಡಿರುವ ಸಾಧ್ಯತೆಯಿರುವುದರಿಂದ ಈ ಭೇದ ಮುಖ್ಯ. ಲಿಪಿಯ ಆಧಾರದಿಂದ ಮಾತ್ರ ಕಾಲ ನಿರ್ಣಯವಾದ ಶಾಸನಕ್ಕೆ ನಿಶ್ಚಿತ ವರ್ಷದ ಬದಲು ಕಾಲಾವಧಿಯನ್ನು ನಮೂದಿಸಬೇಕು.

ಎರಡು ರೂಪಗಳ ನಡುವಿನ ಆಯ್ಕೆಯನ್ನು ವಿವರಿಸುವ ಗಣಿತಮಾದರಿಗಳು ಭಾಷಾವಿಜ್ಞಾನದಲ್ಲಿ ಬಳಕೆಯಲ್ಲಿವೆ. ಇಂಗ್ಲಿಷಿನ ‘ಗಿವ್’ ಮೊದಲಾದ ಕ್ರಿಯಾಪದಗಳೊಡನೆ ಬರುವ ಎರಡು ವಾಕ್ಯರಚನೆಗಳ ಬಗೆಗೆ ಜೋನ್ ಬ್ರೆಸ್ನನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ಅದಕ್ಕೆ ಸಂಬಂಧಿಸಿದ 3263 ಪ್ರಯೋಗಗಳ ಕೋಷ್ಟಕವು ಬಾಯೆನ್ನರ ಪಠ್ಯದೊಡನೆ ಅಭ್ಯಾಸಕ್ಕೆ ಲಭ್ಯವಿದೆ. ಈ ಬಗೆಯ ಅಧ್ಯಯನಗಳಿಂದ ಗ್ರಹಿಸಬೇಕಾದ ತತ್ತ್ವವೊಂದಿದೆ. ಒಂದೇ ಶಾಸನದಲ್ಲಿ ಒಂದೇ ಪದ ಹತ್ತು ಬಾರಿ ಬಂದರೆ ಅವು ಹತ್ತು ಸ್ವತಂತ್ರ ಸಾಕ್ಷ್ಯಗಳಲ್ಲ. ಅವು ಒಬ್ಬನೇ ಬರಹಗಾರನ ರೂಢಿ. ಶಾಸನ ಮತ್ತು ಪದ ಇವೆರಡರ ವೈಯಕ್ತಿಕ ಪ್ರಭಾವವನ್ನು ಪ್ರತ್ಯೇಕಿಸುವ ಮಿಶ್ರಪರಿಣಾಮ ಮಾದರಿಯನ್ನು ಇಲ್ಲಿ ಬಳಸಬೇಕಾಗುತ್ತದೆ.

4. ಚಿತ್ರಣ

ಶತಮಾನವಾರು ಶೇಕಡಾ ಪ್ರಮಾಣವನ್ನು ರೇಖಾಚಿತ್ರದಲ್ಲಿ ತೋರಿಸಿದಾಗ ಪರಿವರ್ತನೆಯ ಗತಿ ಒಮ್ಮೆಗೇ ಗೋಚರಿಸುತ್ತದೆ. ಆದರೆ ರೇಖೆಯು ಆಧಾರದ ಕೊರತೆಯನ್ನು ಮರೆಮಾಚಬಲ್ಲದು. ಒಂದು ಅವಧಿಯ 4 ಪ್ರಯೋಗಗಳಲ್ಲಿ 2, ಇನ್ನೊಂದರ 400ರಲ್ಲಿ 200 ಹಕಾರಗಳಿವೆ ಎಂದು ಭಾವಿಸಿದರೆ ಎರಡೂ ಶೇ. 50. ಪ್ರಯೋಗಗಳು ಸ್ವತಂತ್ರವೆಂದು ಗಣಿಸಿದರೂ ಶೇ. 95ರ ವಿಶ್ವಾಸಾವಧಿಯು ಮೊದಲನೆಯದಕ್ಕೆ ಸುಮಾರು ಶೇ. 7ರಿಂದ 93, ಎರಡನೆಯದಕ್ಕೆ ಸುಮಾರು ಶೇ. 45ರಿಂದ 55. ಆದುದರಿಂದ ಪ್ರತಿ ಬಿಂದುವಿನೊಡನೆ ಪ್ರಯೋಗಸಂಖ್ಯೆಯನ್ನೂ ಈ ಅವಧಿಯನ್ನೂ ನಮೂದಿಸುವುದು ಕಡ್ಡಾಯವಾಗಬೇಕು.

5. ಕಲಿಕೆಯ ಕ್ರಮ

ಸಾಹಿತ್ಯದ ವಿದ್ಯಾರ್ಥಿಗಳು ಸೂತ್ರಗಳಿಂದ ಆರಂಭಿಸಬೇಕಾಗಿಲ್ಲ. ಪಠ್ಯವನ್ನು ಶುದ್ಧೀಕರಿಸುವುದು ಮೊದಲ ಹಂತ. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿರುವ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಬೇಕು. ನೋಡಲು ಒಂದೇ ಆಗಿರುವ ‘ಕೊ’ ಎರಡು ಬಗೆಯ ಸಂಕೇತಸರಣಿಗಳಲ್ಲಿ ಅಡಗಿರಬಹುದಾದುದರಿಂದ ಅವುಗಳನ್ನು ಏಕರೂಪಗೊಳಿಸಬೇಕು. ಬಳಿಕ ವಿನ್ಯಾಸಾಧಾರಿತ ಹುಡುಕಾಟ, ಆವರ್ತನ ಕೋಷ್ಟಕ, ಸರಳ ಚಿತ್ರಣ, ಕೊನೆಗೆ ಗಣಿತಮಾದರಿಗಳು. ಪ್ರತಿ ಹಂತವನ್ನೂ ತಾವೇ ಕೈಯಿಂದ ಎಣಿಸಿದ ಒಂದು ಸಣ್ಣ ಶಾಸನದೊಡನೆ ತಾಳೆ ನೋಡುವುದು ಉತ್ತಮ.

ಬರೆದಿಟ್ಟ ಕ್ರಮವಿಧಿಯು ಸಂಶೋಧನೆಯ ಸಾಕ್ಷ್ಯವೂ ಹೌದು. ಯಾವ ಪದವನ್ನು ಏಕೆ ಕೈಬಿಡಲಾಯಿತೆಂಬುದು ಅದರಲ್ಲಿ ದಾಖಲಾಗಿರುತ್ತದೆ; ಮತ್ತೊಬ್ಬ ವಿದ್ವಾಂಸರು ಪಟ್ಟಿಯನ್ನು ತಿದ್ದಿ ಅದೇ ಎಣಿಕೆಯನ್ನು ಪುನಃ ನಡೆಸಿ ತೀರ್ಮಾನವನ್ನು ಒಪ್ಪಬಹುದು ಅಥವಾ ನಿರಾಕರಿಸಬಹುದು. ಘಟಕ, ಪಟ್ಟಿ, ವರ್ಗೀಕರಣಗಳ ನಿರ್ಣಯವು ಕನ್ನಡ ವಿದ್ವತ್ತಿನ ಕೈಯಲ್ಲೇ ಉಳಿದಾಗ ಮಾತ್ರ ಸಂಖ್ಯೆಗಳು ಕನ್ನಡದ ಚರಿತ್ರೆಗೆ ಪ್ರಮಾಣವಾಗಬಲ್ಲವು.