ಟಿಟ್ಟಿಭದ ಛಾಯಾಗ್ರಹಣ

ಚೈತ್ರ ವೈಶಾಖಗಳಲ್ಲಿ ಊರ ಹೊರಗಿನ ಕೆರೆಯಂಗಳದಲ್ಲಿ ಅಡ್ಡಾಡಿದವರಿಗೆ ಟಿಟ್ಟಿಭದ ಕೂಗು ಅಪರಿಚಿತವಲ್ಲ. ಮನುಷ್ಯನನ್ನು ಕಂಡೊಡನೆ ಮೇಲೆದ್ದು, ತಲೆಯ ಮೇಲೆಯೇ ಸುತ್ತುತ್ತ, ಆಸುಪಾಸಿನ ಪ್ರಾಣಿಗಳಿಗೆಲ್ಲ ಎಚ್ಚರಿಕೆ ಕೊಡುವ ಈ ಪಕ್ಷಿಯನ್ನು ಬೇಟೆಗಾರರು ಶಪಿಸುತ್ತಿದ್ದರು; ಛಾಯಾಗ್ರಾಹಕರು ಈಗಲೂ ಶಪಿಸುತ್ತಾರೆ. ಆದರೂ ಪಕ್ಷಿಗಳ ಚಿತ್ರ ತೆಗೆದು ಗುರುತಿಸಬಯಸುವ ವಿದ್ಯಾರ್ಥಿಗೆ ಮೊದಲ ಪಾಠವಾಗಿ ಇದೇ ತಕ್ಕದ್ದೆಂದು ನಮ್ಮ ಅಭಿಪ್ರಾಯ.

ನಮ್ಮ ಬಯಲುಗಳಲ್ಲಿ ಸಾಮಾನ್ಯವಾಗಿ ಕಾಣುವ ಟಿಟ್ಟಿಭಗಳು ಎರಡು ಬಗೆಯವು. ಕಣ್ಣಿನ ಮುಂದೆ ಕೆಂಪು ಚರ್ಮದ ಮಡಿಕೆ, ಕಪ್ಪು ತುದಿಯ ಕೆಂಪು ಕೊಕ್ಕು, ಕಪ್ಪು ಕೊರಳು, ಕಣ್ಣಿನ ಹಿಂದಿನಿಂದ ಕತ್ತಿನ ಪಕ್ಕಕ್ಕೆ ಇಳಿಯುವ ಬಿಳಿಯ ಪಟ್ಟಿ, ಇವಿಷ್ಟೂ ಕೆಂಪು ಟಿಟ್ಟಿಭದ ಲಕ್ಷಣಗಳು. ಹಳದಿ ಟಿಟ್ಟಿಭ ತುಸು ಚಿಕ್ಕದು. ಮಡಿಕೆ ಹಳದಿ, ನೆತ್ತಿ ಕಪ್ಪು, ಎದೆ ಕಂದು. ಮೊದಲನೆಯದಕ್ಕೆ ನೀರಿನ ಸಮೀಪ ಪ್ರಿಯ, ಎರಡನೆಯದಕ್ಕೆ ಒಣ ಬಯಲು. ಕಾಲುಗಳು ಎರಡಕ್ಕೂ ಹಳದಿಯೇ ಆದುದರಿಂದ ಕಾಲನ್ನು ನೋಡಿ ನಿರ್ಣಯಿಸುವವನು ಮೋಸಹೋಗುತ್ತಾನೆ.

ಇನ್ನು ಬಿಂಬದ ಲೆಕ್ಕ. ಕೆಂಪು ಟಿಟ್ಟಿಭದ ಉದ್ದ ಸುಮಾರು 33 ಸೆಂಟಿಮೀಟರು. ಅದು 20 ಮೀಟರು ದೂರದಲ್ಲಿ ನಿಂತಿದೆ, ನಮ್ಮ ಮಸೂರದ ಸಂಗಮದೂರ 50 ಮಿಲಿಮೀಟರು ಎಂದಿಟ್ಟುಕೊಳ್ಳೋಣ. ವಸ್ತುವಿನ ಉದ್ದವನ್ನು ಸಂಗಮದೂರದಿಂದ ಗುಣಿಸಿ ವಸ್ತುವಿನ ದೂರದಿಂದ ಭಾಗಿಸಿದರೆ ಬಿಂಬದ ಉದ್ದ ಸುಮಾರಾಗಿ ದೊರೆಯುತ್ತದೆ: 0.8 ಮಿಲಿಮೀಟರು! 36 ಮಿಲಿಮೀಟರು ಅಗಲದ ಚೌಕಟ್ಟಿನಲ್ಲಿ ಇದು ಒಂದು ಚುಕ್ಕೆ. 400 ಮಿಲಿಮೀಟರಿನ ಮಸೂರವಾದರೆ 6.6 ಮಿಲಿಮೀಟರು, ಕಣ್ಣಿನ ಮಡಿಕೆಯ ಬಣ್ಣ ತಿಳಿಯಲು ಇಷ್ಟು ಸಾಕು.

ಹಾರುವ ಹಕ್ಕಿಯದು ಬೇರೆಯೇ ತೊಡಕು. ಸೆಕೆಂಡಿಗೆ 10 ಮೀಟರು ವೇಗದಲ್ಲಿ ಅಡ್ಡಹಾಯುವ ಹಕ್ಕಿ, ಸೆಕೆಂಡಿನ ಸಾವಿರದೊಂದು ಭಾಗದಲ್ಲಿಯೂ ಒಂದು ಸೆಂಟಿಮೀಟರು ಸರಿದಿರುತ್ತದೆ. ನಾವು ಕಾಣಬೇಕಾದ ಮಡಿಕೆಯ ಅಂಚು ಅಷ್ಟರಲ್ಲಿ ಅಳಿಸಿಹೋಗುತ್ತದೆ. ಹಕ್ಕಿ ಸಾಗಿದಂತೆ ಕ್ಯಾಮರವನ್ನೂ ಅದೇ ಕೋನವೇಗದಿಂದ ತಿರುಗಿಸುತ್ತಿದ್ದರೆ ಬಿಂಬ ತನ್ನ ಸ್ಥಾನದಲ್ಲಿ ನಿಲ್ಲುತ್ತದೆ, ಹಿನ್ನೆಲೆ ಮಸುಕಾಗುತ್ತದೆ. ಇದು ಓದಿ ಬರುವ ವಿದ್ಯೆಯಲ್ಲ. ಕಾಗೆಗಳ ಮೇಲೆ ಒಂದು ವಾರ ಅಭ್ಯಾಸ ಮಾಡಬೇಕು.

ದೂರ ಅರ್ಧವಾದರೆ ಬಿಂಬ ಇಮ್ಮಡಿಯಾಗುವುದೆಂದು ಸೂತ್ರ ಹೇಳುತ್ತದಷ್ಟೆ. ಈ ಸೂತ್ರವನ್ನು ನಂಬಿ ನಾವೊಮ್ಮೆ ತಪ್ಪು ಮಾಡಿದೆವು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಇಬ್ಬರು ವಿದ್ಯಾರ್ಥಿಗಳೊಡನೆ ಕೆರೆಯ ಬದಿಯಲ್ಲಿ ಕೆಂಪು ಟಿಟ್ಟಿಭವೊಂದರತ್ತ ಹೆಜ್ಜೆಹೆಜ್ಜೆಯಾಗಿ ಸರಿದೆವು. ಹಕ್ಕಿ ಎದ್ದು ಅರಚತೊಡಗಿತು. ಕಾಲ ಬುಡದಲ್ಲಿ ನೋಡಿದರೆ, ಬೆಣಚುಕಲ್ಲುಗಳ ನಡುವೆ ಕಲ್ಲುಗಳಂತೆಯೇ ಮಚ್ಚೆಯುಳ್ಳ ನಾಲ್ಕು ಮೊಟ್ಟೆಗಳು, ಚೂಪು ತುದಿಗಳನ್ನು ಒಳಮುಖವಾಗಿಸಿ ಬಿದ್ದಿದ್ದವು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ತುಳಿಯುತ್ತಿದ್ದೆವು.

ಮೊಟ್ಟೆಯೊಳಗಿನ ಪಿಂಡ ಬೆಳೆಯಲು ಬೇಕಾದ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನದು. ಆ ಹೊತ್ತಿನ ಬರಿನೆಲ 50 ಡಿಗ್ರಿ ಮೀರಬಲ್ಲುದು. ಆಗ ಹಕ್ಕಿ ಕಾವು ಕೊಡುವುದಿಲ್ಲ, ನೆರಳು ಕೊಡುತ್ತದೆ. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೊಯ್ಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಮಾಡುವುದೂ ಉಂಟು. ಬಾಷ್ಪೀಭವನದಿಂದ ಶಾಖ ಹೀರಲ್ಪಡುವುದನ್ನು ನಾವು ತರಗತಿಯಲ್ಲಿ ಮಡಕೆಯ ನೀರಿನ ದೃಷ್ಟಾಂತದಿಂದ ಬೋಧಿಸುತ್ತೇವೆ. ನಾವು ಅಲ್ಲಿ ನಿಂತಷ್ಟು ಹೊತ್ತೂ ಆ ನೆರಳು ತಪ್ಪಿತ್ತು, ಹತ್ತಿರದ ಜಾಲಿಯ ಮೇಲೆ ಕಾಗೆಯೂ ಕುಳಿತಿತ್ತು. ಚಿತ್ರ ತೆಗೆಯದೆ ಬಂದ ದಾರಿಯಲ್ಲೇ ಹಿಂದೆಗೆದೆವು.

ನಲವತ್ತು ಮೀಟರು ದೂರದ ಕೆರೆಯ ಏರಿಯ ಹಿಂದೆ ಕುಳಿತ ಮೇಲೆ, ಆರೇಳು ನಿಮಿಷಗಳಲ್ಲಿ ಹಕ್ಕಿ ಮರಳಿತು. ಅಲ್ಲಿಂದ ತೆಗೆದ ಚಿತ್ರ ನಮ್ಮಲ್ಲಿದೆ. ಬಿಂಬದ ಉದ್ದ 3.3 ಮಿಲಿಮೀಟರು, ಕಾದ ನೆಲದ ಮೇಲಿನ ಗಾಳಿಯ ವಕ್ರೀಭವನದಿಂದ ಅಂಚುಗಳು ನಡುಗಿವೆ. ಆದರೂ ಕತ್ತಿನ ಬಿಳಿಯ ಪಟ್ಟಿ, ಕಪ್ಪು ಕೊರಳು ಸ್ಪಷ್ಟವಾಗಿವೆ. ಹಕ್ಕಿ ಮೊಟ್ಟೆಗಳ ಮೇಲೆ ಕಾಲು ಬಾಗಿಸಿ ನಿಂತಿರುವುದೂ ತಿಳಿಯುತ್ತದೆ.