ಬಾಸ್ಕೆಟ್‌ಬಾಲ್‌ನಲ್ಲಿ ಒಳ ಆಟವೂ ಮೂರಂಕದ ಎಸೆತವೂ

1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಪೀಚ್ ಹಣ್ಣಿನ ಬುಟ್ಟಿಗಳನ್ನು ಗೋಡೆಗೆ ತೂಗುಹಾಕಿ ಆರಂಭಿಸಿದ ಆಟವು ಬಹುಕಾಲ ಎತ್ತರದ ಆಳುಗಳ ಆಟವಾಗಿಯೇ ನಡೆದುಬಂದಿತು. 3.05 ಮೀಟರ್ ಎತ್ತರದ ಬಳೆಗೆ ಯಾರು ಸಮೀಪವೋ ಅವರದೇ ಮೇಲುಗೈ ಎಂಬುದು ಸಹಜವಷ್ಟೆ. ಮೂರಂಕದ ಗೆರೆ ಬಂದ ಮೇಲೆ ಈ ಲೆಕ್ಕ ಬದಲಾಯಿತು. ಅಂತರರಾಷ್ಟ್ರೀಯ ನಿಯಮದಲ್ಲಿ ಅದು 1984ರಲ್ಲಿ 6.25 ಮೀಟರ್ ದೂರದಲ್ಲಿ ಸೇರಿತು, 2010ರಲ್ಲಿ 6.75 ಮೀಟರಿಗೆ ಸರಿಯಿತು. ಅಮೆರಿಕದ ಕಾಲೇಜು ಪುರುಷರ ಪಂದ್ಯಗಳಲ್ಲಿ 1986–87ರ ಋತುವಿನಿಂದ ಅದು ಎಲ್ಲೆಡೆ ಜಾರಿಗೆ ಬಂದಿತು. ಅಂದಿನಿಂದ ತರಬೇತುದಾರರನ್ನು ಕಾಡುತ್ತಿರುವ ಪ್ರಶ್ನೆ ಒಂದೇ: ಚೆಂಡನ್ನು ಒಳಗೆ ಕೊಡಬೇಕೇ, ಹೊರಗಿನಿಂದಲೇ ಎಸೆಯಬೇಕೇ?

ಪ್ರಶ್ನೆಯ ಒಂದು ಭಾಗ ಶುದ್ಧ ಅಂಕಗಣಿತ. ಬಳೆಯ ಸಮೀಪದಿಂದ ಎಸೆದ ಮೂವತ್ತರಲ್ಲಿ ಹದಿನೈದು ಸಫಲವಾದರೆ ಮೂವತ್ತು ಅಂಕ. ಗೆರೆಯಾಚೆಯಿಂದ ಹತ್ತು ಸಫಲವಾದರೂ ಅಷ್ಟೇ ಅಂಕ. ಆದರೆ ದೂರದಿಂದ ನೂರಕ್ಕೆ ಇಪ್ಪತ್ತೈದು ಮಾತ್ರ ಹಾಕಬಲ್ಲ ಹುಡುಗನು ಎಪ್ಪತ್ತೈದು ಅಂಕ ತಂದರೆ, ಸಮೀಪದಿಂದ ನೂರಕ್ಕೆ ನಲವತ್ತೈದು ಹಾಕುವವನು ತೊಂಬತ್ತು ತರುತ್ತಾನೆ. ದೂರದರ್ಶನದಲ್ಲಿ ಕಂಡ ದೂರದೆಸೆತವನ್ನು ಅನುಕರಿಸುವ ತರುಣರಿಗೆ ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುವುದು ಉಚಿತ. ಇದಲ್ಲದೆ ಒಳಗೆ ನುಗ್ಗಿದವನು ಎಸೆಯುವಾಗ ಎದುರಾಳಿ ತಪ್ಪೆಸಗಿದರೆ 4.60 ಮೀಟರ್ ದೂರದಿಂದ ಎರಡು ಮುಕ್ತ ಎಸೆತಗಳು ದೊರೆಯುತ್ತವೆ. ಎದುರಾಳಿಯ ತಪ್ಪುಗಳ ಸಂಖ್ಯೆಯೂ ಏರುತ್ತದೆ. ಹೊರಗೇ ನಿಂತು ಎಸೆಯುವ ತಂಡಕ್ಕೆ ಈ ಲಾಭ ಅಪರೂಪ.

ಹಾಗೆಂದು ಒಳ ಆಟವೊಂದನ್ನೇ ನಂಬಿದರೆ ಏನಾಗುವುದೆಂಬುದಕ್ಕೆ 2024ರ ಅಮೆರಿಕದ ಕಾಲೇಜು ಅಂತಿಮ ಪಂದ್ಯವೇ ಸಾಕ್ಷಿ. ಪರ್ಡ್ಯೂ ವಿಶ್ವವಿದ್ಯಾಲಯದ ಜ್ಯಾಕ್ ಈಡಿ ಏಳಡಿ ನಾಲ್ಕಂಗುಲದ ಆಟಗಾರ. ಆ ದಿನ ಒಬ್ಬನೇ 37 ಅಂಕ ಗಳಿಸಿದ. ಆದರೂ ಕನೆಕ್ಟಿಕಟ್ ತಂಡ 75–60ರಿಂದ ಗೆದ್ದಿತು. ಗೆದ್ದವರ ಉಪಾಯ ಸರಳವಾಗಿತ್ತು: ಈಡಿಯ ಮೇಲೆ ಬಹುಮಟ್ಟಿಗೆ ಒಬ್ಬನನ್ನೇ ಬಿಟ್ಟು, ಉಳಿದ ನಾಲ್ವರು ಹೊರಗಿನ ಎಸೆತಗಾರರನ್ನು ಬಿಡದೆ ಕಾದರು. ಋತುವಿಡೀ ದೂರದಿಂದ ನೂರಕ್ಕೆ ಸುಮಾರು ನಲವತ್ತು ಸಾಧಿಸಿದ್ದ ಪರ್ಡ್ಯೂ, ಆ ಪಂದ್ಯದಲ್ಲಿ ಎಸೆದದ್ದೇ ಏಳು, ಬಿದ್ದದ್ದು ಒಂದು. ಒಳಗಿನ ಆಟಗಾರನ ನಿಜವಾದ ಬೆಲೆ ಅವನ ಅಂಕಗಳಲ್ಲಿ ಮಾತ್ರ ಇಲ್ಲ. ತನ್ನತ್ತ ಇಬ್ಬರನ್ನು ಸೆಳೆದು, ಹೊರಗೆ ಒಬ್ಬನನ್ನು ಬಿಡುವಾಗಿಸಿ, ಅವನ ಕೈಗೆ ಚೆಂಡು ಮರಳಿಸುವುದರಲ್ಲಿ ಅದಿದೆ. ಎದುರಾಳಿ ಇಬ್ಬರನ್ನು ಕಳುಹಿಸದಿದ್ದಾಗ ಆ ದಾರಿ ಮುಚ್ಚಿಹೋಗುತ್ತದೆ.

ಇದಕ್ಕೆ ಎದುರಾದ ನಿದರ್ಶನ 2018ರದು. ಅಂದು ಉಪಾಂತ್ಯದಲ್ಲಿ ವಿಲನೋವಾ ತಂಡ ಗೆರೆಯಾಚೆಯಿಂದ ನಲವತ್ತು ಎಸೆದು ಹದಿನೆಂಟನ್ನು ಹಾಕಿ, ಕ್ಯಾನ್ಸಸ್ ತಂಡವನ್ನು 95–79ರಿಂದ ಸೋಲಿಸಿತು. ಬಳಿಕ ಪ್ರಶಸ್ತಿಯನ್ನೂ ಗೆದ್ದಿತು. ಅದು ಕೇವಲ ದೂರದೆಸೆತದ ತಂಡವೆಂದು ಭಾವಿಸುವುದು ಸರಿಯಲ್ಲ. ಅದರ ಚೆಂಡು ನಡೆಸುವ ಆಟಗಾರ ಜೇಲನ್ ಬ್ರನ್ಸನ್, ಎತ್ತರದಲ್ಲಿ ದೈತ್ಯನಲ್ಲದಿದ್ದರೂ, ತನಗಿಂತ ಗಿಡ್ಡ ಎದುರಾಳಿಯನ್ನು ಬೆನ್ನಿನಿಂದ ಒತ್ತಿಕೊಂಡು ಬಳೆಯ ಬಳಿಗೆ ಸರಿಯುತ್ತಿದ್ದ. ಎತ್ತರದವನು ಹೊರಗೆ ನಿಂತು ಎಸೆಯುವನು, ಸಣ್ಣವನು ಒಳಗೆ ನುಗ್ಗುವನು. ಕಾವಲುಗಾರರಿಗೆ ಯಾರನ್ನು ಎಲ್ಲಿ ತಡೆಯಬೇಕೆಂಬುದೇ ತಿಳಿಯದು.

ಮಾನ್ವಿ, ದೇವದುರ್ಗಗಳಂತಹ ತಾಲ್ಲೂಕು ಕೇಂದ್ರಗಳ ಕಾಲೇಜುಗಳಿಗೆ ಈ ಎರಡನೆಯ ನಿದರ್ಶನವೇ ಹೆಚ್ಚು ಹತ್ತಿರದ್ದು. ಏಳಡಿಯ ಆಳನ್ನು ಎಲ್ಲಿಂದ ತರುವುದು? ಕಬಡ್ಡಿ, ಖೋಖೋಗಳಲ್ಲಿ ಕಾಲು ಪಳಗಿದ ಹುಡುಗರು ಇಲ್ಲಿ ದೊರೆಯುತ್ತಾರೆ. ತಿರುಗಿ ತಪ್ಪಿಸಿಕೊಳ್ಳುವ, ಮೈಯೊಡ್ಡಿ ನಿಲ್ಲುವ ಅವರ ಅಭ್ಯಾಸವೇ ಒಳ ಆಟಕ್ಕೆ ಬೇಕಾದ ಬಂಡವಾಳ. ಆದರೆ ನಿಯಂತ್ರಿತ ವಲಯದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದೆಂಬ ನಿಯಮವನ್ನು ಮೊದಲ ದಿನದಿಂದಲೇ ರೂಢಿಸಬೇಕು. ದೂರದೆಸೆತಕ್ಕೆ ಬಯಲಿನ ಅಂಗಣವು ಒಳಾಂಗಣದಷ್ಟು ಅನುಕೂಲವಲ್ಲ; ಗಾಳಿ ಬೀಸಿದಾಗ ಉದ್ದನೆಯ ಎಸೆತ ದಾರಿ ತಪ್ಪುತ್ತದೆ, ರಾಯಚೂರು ಸೀಮೆಯ ಬೇಸಿಗೆಯ ಬಿಸಿಲಂತೂ ಹೇಳತೀರದು. ಆದುದರಿಂದ ಬೆಳಗಿನ ಹೊತ್ತೇ ದೂರದೆಸೆತದ ಅಭ್ಯಾಸಕ್ಕೆ ತಕ್ಕದ್ದು.

ಅಭ್ಯಾಸದ ಕ್ರಮದಲ್ಲಿಯೂ ವಿವೇಚನೆ ಬೇಕು. ಪ್ರತಿಯೊಬ್ಬನೂ ಗೆರೆಯಾಚೆಯಿಂದ ಎಸೆಯತೊಡಗಿದರೆ ತಂಡ ಕೆಡುತ್ತದೆ. ಚೆಂಡು ಮೊದಲು ಒಳಗೆ ಹೋಗಲಿ. ಕಾವಲು ಕುಗ್ಗಿದೊಡನೆ ಹೊರಬರಲಿ. ಕಾಲು ಸಿದ್ಧವಾಗಿ ನಿಂತವನು ಹಿಡಿದ ಕೂಡಲೇ ಎಸೆಯಲಿ. ಮೂಲೆಯಲ್ಲಿ ಗೆರೆಯು ಬಳೆಯ ಮಧ್ಯದಿಂದ 6.60 ಮೀಟರ್ ಮಾತ್ರ ದೂರ. ಒಳ್ಳೆಯ ಎಸೆತಗಾರನನ್ನು ಅಲ್ಲಿ ನಿಲ್ಲಿಸುವುದು ಜಾಣತನ. ದೂರದೆಸೆತ ತಪ್ಪಿದಾಗ ಚೆಂಡು ಉದ್ದಕ್ಕೆ ಪುಟಿಯುವುದೂ ಉಂಟು. ಅದಕ್ಕಾಗಿ ಓಡುವವನನ್ನು ಮೊದಲೇ ಗೊತ್ತುಮಾಡಿರಬೇಕು.

ಕೊನೆಯದಾಗಿ ಅಂಗಣದ ಮಾತು. 2010ಕ್ಕೆ ಮುಂಚೆ ಬಣ್ಣ ಬಳಿದ ಅಂಗಣವಾದರೆ ಹಳೆಯ 6.25 ಮೀಟರಿನ ಗೆರೆಯೂ, ಬುಡ ಅಗಲವಾದ ಹಳೆಯ ನಿಯಂತ್ರಿತ ವಲಯವೂ ಹಾಗೆಯೇ ಉಳಿದಿರಬಹುದು. ಅಂಥಲ್ಲಿ ಪಳಗಿದ ಕೈ, ಅಂತರಕಾಲೇಜು ಪಂದ್ಯದ ಹೊಸ ಗೆರೆಯ ಬಳಿ ಅರ್ಧ ಮೀಟರ್ ಸೋಲುತ್ತದೆ. ಅಳತೆಪಟ್ಟಿಯೊಂದನ್ನು ಹಿಡಿದು ಗೆರೆಗಳನ್ನು ಮತ್ತೆ ಹಾಕಿಸಲು ದೊಡ್ಡ ವೆಚ್ಚವೇನೂ ತಗಲದು.